ಅರ್ಧ ಬೆಲೆಯ ಪೋರ್ಟ್ ವೈನು

ಮಧುಗಿರಿಯ ನಮ್ಮ ಮನೆಯೊಳಗೆ ಮೊದಲ ಸಲ ವೈನ್ ಶಾಪಿನ ಬಾಟಲಿ ಬಂದದ್ದು ನನ್ನಿಂದ. ಹೊತ್ತು ತಂದವರು ಗಂಡ, ನಿಜ. ಆದರೆ ತರಿಸಿದವಳು ನಾನು. ಊಟಕ್ಕೆ ಬಡಿಸುವಾಗ ಒಮ್ಮೆ, ಅವರು ಹಲ್ಲುಜ್ಜುವಾಗ ಒಮ್ಮೆ, ಹೀಗೆ ಒಂದು ವಾರ ಹಿಂದೆ ಬಿದ್ದು ತರಿಸಿದೆ. ಅದೂ ಒಂದಲ್ಲ, ಎರಡು ಬಾಟಲಿ. ಒಂದು ಎಲ್ಲರಿಗೂ ಗೊತ್ತಿರುವ ಕಂಪನಿಯ ಪೋರ್ಟ್ ವೈನು. ಇನ್ನೊಂದು ಯಾರೂ ಹೆಸರು ಕೇಳಿರದ ಕಂಪನಿಯದು. ಅದರ ಬೆಲೆ ಮೊದಲನೆಯದರ ಅರ್ಧ.

ಇಷ್ಟಕ್ಕೆಲ್ಲ ಕಾರಣ ನನ್ನ ಓವನ್ನು. ತುಮಕೂರಿನಲ್ಲಿ ಹತ್ತು ದಿನದ ಕೇಕ್ ತರಬೇತಿಗೆ ಹೋಗಿ ಬಂದವಳು, ಚೀಟಿ ಎತ್ತಿದ ದುಡ್ಡಿನಲ್ಲಿ ಅದನ್ನು ಕೊಂಡಿದ್ದೆ. ಅಡುಗೆಮನೆಯ ಬಾಗಿಲಿನಲ್ಲಿ ಹಿಡಿಸದೆ ಅದು ನಡುಮನೆಯಲ್ಲೇ ಉಳಿಯಿತು. ಅತ್ತೆ ಅದಕ್ಕೆ 'ಬೀರು' ಎಂದು ಹೆಸರಿಟ್ಟು, ಅದರ ಮೇಲೆ ತಮ್ಮ ಹುಣಸೆಹಣ್ಣಿನ ಡಬ್ಬ, ಮಂಡಿ ನೋವಿನ ಎಣ್ಣೆ, ಕನ್ನಡಕ ಎಲ್ಲವನ್ನೂ ಜೋಡಿಸಿಬಿಟ್ಟರು. ನಾನು ಕೇಕಿಗೆ ಇಡಬೇಕಾದಾಗಲೆಲ್ಲ ಅವನ್ನೆಲ್ಲ ಕೆಳಗಿಳಿಸಬೇಕು, ಆಮೇಲೆ ಮತ್ತೆ ಹತ್ತಿಸಬೇಕು. ವಾರಕ್ಕೆ ಎರಡು ಹುಟ್ಟುಹಬ್ಬದ ಕೇಕು ಹೋದರೆ ಹೆಚ್ಚು. ನಮ್ಮೆಜಮಾನರು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಕರೆಂಟ್ ಬಿಲ್ಲು ಬಂದ ದಿನ ಅದನ್ನು ಕೈಯಲ್ಲಿ ಹಿಡಿದುಕೊಂಡು ಓವನ್ನಿನ ಸುತ್ತ ಒಂದು ಸುತ್ತು ಬರುತ್ತಿದ್ದರು. ಬಾಯಲ್ಲಿ ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಕೊನೆಗೆ ಒಂದು ಭಾನುವಾರ ಕೊರಟಗೆರೆಯಿಂದ ಒಬ್ಬ ಬೇಕರಿಯವನನ್ನು ಕರೆದುಕೊಂಡು ಬಂದರು. ಆತ ಓವನ್ನಿನ ಬಾಗಿಲು ತೆಗೆದು, ತಲೆ ಒಳಗೆ ಹಾಕಿ, ಬೆರಳಲ್ಲಿ ಎರಡು ಸಲ ತಟ್ಟಿ, "ನಾನ್ ತಗೋತೀನಿ ಸಾರ್, ಯಾವಾಗ ಕೊಡ್ತೀರ ಹೇಳಿ" ಎಂದ. ನಾನು ಆತನಿಗೆ ಕೊಟ್ಟ ಕಾಫಿಗೆ ಸಕ್ಕರೆಯನ್ನೇ ಹಾಕಲಿಲ್ಲ. ಆತ ಹೋದ ಮೇಲೆ ಜಗಳವಾಗಿ, ಕ್ರಿಸ್‌ಮಸ್‌ವರೆಗೆ ವಾಯಿದೆ ಸಿಕ್ಕಿತು. ಅಷ್ಟರೊಳಗೆ ಓವನ್ನು ತನ್ನ ಖರ್ಚನ್ನು ತಾನು ದುಡಿದು ತೋರಿಸಬೇಕು, ಇಲ್ಲವಾದರೆ ಅದು ಕೊರಟಗೆರೆಗೆ. ಹಾಗಂತ ಮಾತಾಯಿತು.

ದೇವರು ದೊಡ್ಡವನು. ಅದೇ ತಿಂಗಳು ಶಿರಾದ ಒಂದು ನರ್ಸಿಂಗ್ ಕಾಲೇಜಿನ ಹಾಸ್ಟೆಲಿನಿಂದ ಮೂವತ್ತು ಪ್ಲಮ್ ಕೇಕಿಗೆ ಆರ್ಡರ್ ಬಂತು. ವಾರ್ಡನ್ ಕೇರಳದವರು. ಶಿರಾಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ಮಾತಿನಲ್ಲಿ ಆ ರಾಗ ಹಾಗೇ ಉಳಿದಿತ್ತು. ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. "ನೋಡಿ ಮೇಡಂ, ಹಣ್ಣು ಒಂದು ತಿಂಗಳು ವೈನಲ್ಲಿ ನೆನೀಬೇಕು. ವೈನ್ ಇಲ್ಲದೆ ಮಾಡಿದ್ರೆ ವಾಪಸ್ ಕಳಿಸ್ತೀನಿ. ಕೆಟ್ಟ ವೈನ್ ಹಾಕಿದ್ರೂ ವಾಪಸ್ಸೇ. ನಾನು ಬಾಯಿಗೆ ಕೂಡ ಹಾಕಲ್ಲ, ಡಬ್ಬ ತೆಗೆದ ಕೂಡಲೇ ನನ್ ಮೂಗಿಗೆ ಗೊತ್ತಾಗ್ತದೆ." ಅವರ ಮೂಗು ನೋಡಿದರೆ ಗೊತ್ತಾಗುತ್ತದೆ ಎಂದೇ ಅನ್ನಿಸಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ಹೆಸರುವಾಸಿ ಕಂಪನಿಯ ವೈನು ಹಾಕಿದರೆ ಬರುವ ಲಾಭವೆಲ್ಲ ವೈನಿಗೇ ಹೋಗುತ್ತದೆ. ಓವನ್ನು ಕೊರಟಗೆರೆಗೆ. ಅಗ್ಗದ್ದು ಹಾಕಿ ಅದು ಕೆಟ್ಟದ್ದಾದರೆ ಐದು ಕೆಜಿ ಹಣ್ಣು ಹಾಳು, ಆರ್ಡರು ವಾಪಸ್ಸು, ಓವನ್ನು ಆಗಲೂ ಕೊರಟಗೆರೆಗೆ. ಅಗ್ಗದ್ದು ಒಳ್ಳೆಯದಾಗಿದ್ದರೆ ಮಾತ್ರ ನಾನು ಉಳಿದೆ. ನಲವತ್ತಾರು ವರ್ಷ ವೈನಿನ ವಾಸನೆ ಕೂಡ ತಗುಲದೆ ಬದುಕಿದವಳ ಓವನ್ನು ಈಗ ಒಂದು ಬಾಟಲಿಯ ಗುಣದ ಮೇಲೆ ನಿಂತಿತ್ತು.

ಮಧುಗಿರಿಯಲ್ಲಿ ಬಾಟಲಿ ಕೊಳ್ಳಲು ನಮ್ಮೆಜಮಾನರು ಸುತರಾಂ ಒಪ್ಪಲಿಲ್ಲ. ಇಲ್ಲಿ ಮೂವರಲ್ಲಿ ಒಬ್ಬ ಅವರ ಶಿಷ್ಯ. ಕಬಡ್ಡಿ ಪಂದ್ಯಕ್ಕೆ ಹುಡುಗರನ್ನು ಪಾವಗಡಕ್ಕೆ ಕರೆದುಕೊಂಡು ಹೋದಾಗ, ಅವರನ್ನು ಊಟಕ್ಕೆ ಕೂರಿಸಿ, ಯಾರದೋ ಬೈಕು ಕೇಳಿ ಪಡೆದು, ಹೆಲ್ಮೆಟ್ ತೆಗೆಯದೆ ಅಂಗಡಿಯ ಮುಂದೆ ನಿಂತು "ಪೋರ್ಟ್ ವೈನ್" ಎಂದರಂತೆ. ಪಾವಗಡದ ಅಂಗಡಿಯವನದು ಅರ್ಧ ಕನ್ನಡ, ಅರ್ಧ ತೆಲುಗು.

"ಬಾಲಿಂತಕಾ ಸಾರ್?" ಎಂದನಂತೆ. ಬಾಣಂತಿಗಾ ಎಂದು. ನಮ್ಮ ಕಡೆ ಗಂಡಸು ಪೋರ್ಟ್ ವೈನು ಕೇಳಿದರೆ ಬೇರೆ ಏನೂ ಅರ್ಥವಿಲ್ಲ. ಹಿಂದೆಲ್ಲ ಹೆರಿಗೆಯಾದವರಿಗೆ ರಕ್ತ ಬರಲಿ, ಮೈ ಬೆಚ್ಚಗಿರಲಿ ಅಂತ ದಿನಕ್ಕೊಂದು ಮುಚ್ಚಳ ಕುಡಿಸುತ್ತಿದ್ದರು. ನನ್ನ ಕಾಲಕ್ಕೆ ಡಾಕ್ಟರಮ್ಮ, ಹಾಲು ಕುಡಿಸುವವರು ಅದರ ಹತ್ತಿರವೂ ಸುಳಿಯಬಾರದು ಎಂದು ಗದರಿ ನಿಲ್ಲಿಸಿದ್ದರು. ಅಂಗಡಿಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಕೇಕಿಗೆ ಎಂದರೆ ಆತನಿಗೆ ಬಿಡಿಸಿ ಹೇಳಬೇಕಾಗುತ್ತದಲ್ಲ ಎಂದು ಇವರು "ಹೂಂ" ಎಂದರು.

"ಬಾಬಾ, ಪಾಪಾ ಸಾರ್?" ಗಂಡೋ ಹೆಣ್ಣೋ ಎಂದು ಮುಂದಿನ ಪ್ರಶ್ನೆ.

ಇವರಿಗೆ ಗಾಬರಿಯಾಗಿ "ಇನ್ನೂ ನೋಡಿಲ್ಲ" ಎಂದರಂತೆ.

ಆತ ಹೆಲ್ಮೆಟ್ಟಿನೊಳಗೆ ಕಾಣುತ್ತಿದ್ದ ನರೆತ ಮೀಸೆಯನ್ನು ಒಂದು ಗಳಿಗೆ ನೋಡಿ, ಕೈ ಕುಲುಕಿ, ಎರಡು ಬಾಟಲಿ ತಂದಿಟ್ಟ. "ಇದಿ ಎಲ್ಲರೂ ತಗೊಂಡೋಗೋದು ಸಾರ್. ಇದಿ ಕೊತ್ತದಿ, ಈಗ ತಿಂಗಳಿಂದ ಬರ್ತಾ ಐತೆ. ರೇಟು ಹಾಫು. ಮಂಚಿದೇ ಸಾರ್." ಹೊಸದು, ಒಳ್ಳೆಯದೇ ಎಂದು ಅವನ ಮಾತು. ಇವರು ಎರಡನ್ನೂ ಕಬಡ್ಡಿ ಜರ್ಸಿಗಳ ಚೀಲದಲ್ಲಿ ತುರುಕಿಕೊಂಡು ಬಂದರು. ಸೋಮವಾರ ಸ್ಟಾಫ್ ರೂಮಿಗೆ ಹೋಗುವಷ್ಟರಲ್ಲಿ ಗಣಿತದ ಮೇಷ್ಟ್ರು ಬಾಗಿಲಲ್ಲೇ ನಿಂತು, "ಏನ್ ಸಾರ್, ನಮಗೆಲ್ಲ ಹೇಳಲೇ ಇಲ್ಲ, ಮಗು ಆರೋಗ್ಯವಾಗಿದೆಯಾ" ಎಂದು ಕೇಳಿದರಂತೆ. ಹೆಲ್ಮೆಟ್ ಹಾಕಿದ್ದೂ ವ್ಯರ್ಥ. ಇವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಸಾರಿಗೆ ಉಪ್ಪು ಸಾಲದೆ ತಾವಾಗಿ ಮಾತಾಡಿದರು.

ಈಗ ಪರೀಕ್ಷೆ ನನ್ನದು. ಮೊದಲು ಲೇಬಲ್ ಓದಿದೆ. ದೊಡ್ಡ ಕಂಪನಿಯ ಬಾಟಲಿಯ ಮೇಲೆ ಬಂಗಾರದ ಅಕ್ಷರ. ಹೊಸದರ ಮೇಲೆ ಒಬ್ಬ ಹೆಂಗಸು ದ್ರಾಕ್ಷಿ ಬುಟ್ಟಿ ಹೊತ್ತು ನಗುತ್ತಿದ್ದಳು. ಅಷ್ಟು ಭಾರ ಹೊತ್ತವಳು ಹಾಗೆ ನಗಲು ಸಾಧ್ಯವಿಲ್ಲ, ಅಲ್ಲೇ ನನಗೆ ಅನುಮಾನ ಬಂತು. ತಯಾರಿಸಿದ ಊರಿನ ಹೆಸರು ಇತ್ತು. ನಾವು ಕೇಳಿದ ಊರಲ್ಲ.

ಆಮೇಲೆ ನನಗೆ ಗೊತ್ತಿದ್ದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಜೇನುತುಪ್ಪ ನೋಡುವ ಹಾಗೆ ನೀರಿಗೆ ಒಂದೊಂದು ತೊಟ್ಟು ಬಿಟ್ಟೆ. ಎರಡೂ ಕರಗಿದವು. ಬಿಳಿ ಪಂಚೆಯ ತುದಿಗೆ ಹಚ್ಚಿದೆ. ಎರಡೂ ಕಲೆಯಾದವು, ಆ ಕಲೆ ಇವತ್ತಿಗೂ ಇದೆ. ತಟ್ಟೆಯಲ್ಲಿ ಒಂದೊಂದು ಚಮಚ ಹಾಕಿ ಇರುವೆ ಬರಲಿ ಎಂದು ಕಿಟಕಿಯಲ್ಲಿಟ್ಟೆ. ಇರುವೆಗಳು ಎರಡಕ್ಕೂ ಬಂದವು, ಯಾವ ಭೇದವನ್ನೂ ಮಾಡಲಿಲ್ಲ. ಫೋನಿನಲ್ಲಿ ಒಬ್ಬ ಗಡ್ಡದವನು ಗ್ಲಾಸನ್ನು ಗಿರಗಿರನೆ ತಿರುಗಿಸಿ, ಬೆಳಕಿಗೆ ಹಿಡಿದು, ಏನೇನೋ ಹೇಳುತ್ತಿದ್ದ. ನಾನೂ ಸ್ಟೀಲ್ ಲೋಟದಲ್ಲಿ ಹಾಕಿ ತಿರುಗಿಸಿದೆ. ಸ್ಟೀಲ್ ಲೋಟದಲ್ಲಿ ಬೆಳಕು ಕಾಣುವುದಿಲ್ಲ. ವೈನು ಮಾತ್ರ ನೈಟಿಯ ಮೇಲೆ ಬಿತ್ತು. ಕೊನೆಗೆ ದೇವರ ಮನೆಯ ಬಾಗಿಲು ಮುಂದೆ ಮಾಡಿ, ಕಣ್ಣು ಮುಚ್ಚಿ, ಒಂದೊಂದು ಗುಟುಕು ಕುಡಿದೆ. ಎರಡೂ ಕೆಮ್ಮಿನ ಔಷಧಿಯ ಹಾಗೇ ಇದ್ದವು. ನಾಲಗೆಗೆ ಅಭ್ಯಾಸವಿಲ್ಲದಿದ್ದರೆ ಅದು ಏನು ತಾನೆ ಹೇಳೀತು.

ಶಿರಾದಲ್ಲಿರುವ ನನ್ನ ತಮ್ಮನಿಗೆ ಫೋನ್ ಮಾಡಿದೆ. ಕುಡಿಯುವ ವಿಷಯದಲ್ಲಿ ಅವನು ನಮ್ಮ ವಂಶದಲ್ಲೇ ಹೆಚ್ಚು ಓದಿದವನು. ಬೈದೂ ಬೈದೂ ಸಾಕಾಗಿ ಅವನ ಆಸೆಯನ್ನೇ ಬಿಟ್ಟಿದ್ದೆ. ಈಗ ಬೇಕಾಯಿತು.

"ಅಕ್ಕಾ, ಅದು ಬಾಣಂತೀರು ಕುಡಿಯೋದು ಕಣಕ್ಕ" ಎಂದ. ಅವನ ದನಿಯಲ್ಲಿ ನಿಜವಾದ ನೋವಿತ್ತು. "ನಾನ್ ಅದ್ನ ಕುಡ್ದು ಹೇಳ್ದೆ ಅಂದ್ರೆ ಇಲ್ಲಿ ನನ್ ಇಜ್ಜತ್ ಏನಾಗ್ಬೇಕು? ಬ್ರಾಂದಿ ಕೇಳು, ರಮ್ ಕೇಳು, ಕಣ್ಮುಚ್ಕಂಡ್ ಹೇಳ್ತೀನಿ. ಇದು ಯಾವ್ ಗಂಡಸಿಗೂ ಗೊತ್ತಿಲ್ಲ. ಹಳೇ ಬಾಣಂತೀರ್ನ ಕೇಳು."

ಫೋನ್ ಇಟ್ಟ ಮೇಲೆ ಯೋಚಿಸಿದೆ. ಅವನು ಹೇಳಿದ್ದು ಸರಿಯಾಗಿತ್ತು, ಅವನು ಸರಿಯಾಗಿ ಹೇಳಿದ ಕೆಲವೇ ಮಾತುಗಳಲ್ಲಿ ಅದೂ ಒಂದು. ಇಡೀ ತಾಲ್ಲೂಕಿನಲ್ಲಿ ಪೋರ್ಟ್ ವೈನಿನ ರುಚಿ ಬಲ್ಲವರೆಂದರೆ ಎಪ್ಪತ್ತು ದಾಟಿದ ಅಜ್ಜಿಯರು. ಬೀದಿಯಲ್ಲಿ ಎದುರಾದರೆ ತಲೆ ತಗ್ಗಿಸಿ ಹೋಗುವ, ಏಕಾದಶಿ ಮಾಡುವ ಅಜ್ಜಿಯರು. ನಮ್ಮ ಬೀದಿಯಲ್ಲೇ ಇಬ್ಬರಿದ್ದರು. ಒಬ್ಬರ ತವರು ಮದಲೂರು, ಇನ್ನೊಬ್ಬರದು ಬುಕ್ಕಾಪಟ್ಟಣ. ಎಲ್ಲರೂ ಅವರನ್ನು ಮದಲೂರಜ್ಜಿ, ಬುಕ್ಕಾಪಟ್ಟಣದಜ್ಜಿ ಎಂದೇ ಕರೆಯುವುದು. ಮೂರನೆಯವರು ನನ್ನ ಮನೆಯಲ್ಲೇ ಇದ್ದರು.

ನನ್ನ ಅತ್ತೆಯ ವಿಷಯ ಇಲ್ಲಿ ಹೇಳಲೇಬೇಕು. ಬಡವನಹಳ್ಳಿ ಹತ್ತಿರದ ಹಳ್ಳಿಯಲ್ಲಿ, ದೊಡ್ಡ ಒಕ್ಕಲು ಮನೆಯಲ್ಲಿ ಬಾಳಿದವರು. ಮೂವರು ಹೆಣ್ಣುಮಕ್ಕಳು, ಆಮೇಲೆ ನನ್ನ ಗಂಡ. ನನ್ನ ಗಂಡ ಹುಟ್ಟಿದಾಗ ಬಾಣಂತಿ ಕೋಣೆಗೆ ಬಂದ ಪೋರ್ಟ್ ವೈನಿನ ದೊಡ್ಡ ಬಾಟಲಿಯನ್ನು ಅತ್ತೆ ಒಂದೇ ದಿನದಲ್ಲಿ ಖಾಲಿ ಮಾಡಿದರಂತೆ. ನಾನು ಮದುವೆಯಾಗಿ ಬಂದ ವಾರದಲ್ಲೇ ಈ ಕಥೆ ಕೇಳಿದ್ದೆ. ಯಾವ ಮದುವೆಗೆ ಹೋಗಲಿ, ನಾಮಕರಣಕ್ಕೆ ಹೋಗಲಿ, ಯಾರಾದರೂ ಒಬ್ಬರು ಅದನ್ನು ಎತ್ತುತ್ತಿದ್ದರು. ಗಂಡನ ಮೂವರು ಅಕ್ಕಂದಿರೂ ಹೇಳಿಕೊಂಡು ನಗುತ್ತಿದ್ದರು. ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂತಿರುತ್ತಿದ್ದರು. ಇಂಥ ಪರಿಣತರು ಮನೆಯಲ್ಲೇ ಇರುವಾಗ ನಾನು ಇರುವೆಗಳನ್ನು ಕೇಳಿಕೊಂಡು ಕೂತಿದ್ದೆನಲ್ಲ ಎಂದು ನನಗೆ ನಾನೇ ಬೈದುಕೊಂಡೆ.

ಬುಧವಾರ ಮಧ್ಯಾಹ್ನ, ಇವರು ಶಾಲೆಯಲ್ಲಿರುವ ಹೊತ್ತು ನೋಡಿ, ಇಬ್ಬರು ಅಜ್ಜಿಯರನ್ನೂ ಕರೆಸಿದೆ. ಯಾವುದು ದುಬಾರಿ, ಯಾವುದು ಅಗ್ಗ ಎಂದು ಗೊತ್ತಾದರೆ ನಾಲಗೆ ಬೆಲೆಯ ಕಡೆ ವಾಲುತ್ತದೆ ಎಂದು ಬಾಟಲಿಗಳಿಗೆ ಪೇಪರ್ ಸುತ್ತಿದ್ದೆ. ಅಗ್ಗದ್ದಕ್ಕೆ ಆಟದ ಪುಟ, ದುಬಾರಿಯದಕ್ಕೆ ರಾಶಿಫಲದ ಪುಟ. ವಿಷಯ ಹೇಳಿದೆ. ಓವನ್ನಿನ ಕಥೆಯನ್ನೂ ಹೇಳಿ, ನನ್ನ ಮಾನ ನಿಮ್ಮ ಕೈಯಲ್ಲಿದೆ ಎಂದೆ.

"ಅಯ್ಯೋ ಬ್ಯಾಡ ಬುಡಮ್ಮ, ಯಾರಾನಾ ನೋಡಿದ್ರೆ ಏನಂದಾರು" ಎನ್ನುತ್ತಲೇ ಮದಲೂರಜ್ಜಿ ಚಕ್ಕಳಮಕ್ಕಳ ಹಾಕಿ ಕೂತರು. "ಮೊದ್ಲು ಬಾಗ್ಲು ಹಾಕು."

"ಕಿಟಕೀನೂ ಹಾಕು" ಎಂದರು ಬುಕ್ಕಾಪಟ್ಟಣದಜ್ಜಿ.

ಅತ್ತೆ ಗೋಡೆಗೊರಗಿ ಮೊರದ ತುಂಬ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಕರೆದರೆ, "ನೀವು ನೋಡ್ಕಳಿ, ನಂಗ್ ಕೆಲ್ಸ ಐತೆ" ಎಂದರು. ದೊಡ್ಡ ಪರಿಣತರು ಕೊನೆಗೆ ಬಾಯಿ ಬಿಡುವುದು ಸರಿ ಎಂದು ನಾನೂ ಒತ್ತಾಯ ಮಾಡಲಿಲ್ಲ.

ಮದಲೂರಜ್ಜಿ ಆಟದ ಪುಟದಿಂದ ಒಂದು ಮುಚ್ಚಳ ಕುಡಿದು ಎರಡೂ ಕಿವಿಗಳನ್ನು ಹಿಡಿದುಕೊಂಡರು. ಸ್ವಲ್ಪ ಹೊತ್ತು ಹಾಗೇ ಇದ್ದರು. ನಾನು ಹೆದರಿದೆ.

"ಬಂತು" ಎಂದರು. "ಕಿವಿ ಬೆಚ್ಚಗಾಯ್ತು ಕಣಮ್ಮ. ವೈನು ಒಳ್ಳೇದಾದ್ರೆ ಮೊದ್ಲು ಕಿವೀಗೇ ಬರ್ಬೇಕು. ನಮ್ಮ ದೊಡ್ಡೋನು ಹುಟ್ದಾಗ ಇಂಗೇ ಆಗಿತ್ತು." ರಾಶಿಫಲದ ಪುಟ ಕುಡಿದು ಮತ್ತೆ ಕಿವಿ ಹಿಡಿದರು. "ಇದು ತಡ ಮಾಡ್ತದೆ. ಎರಡ್ನೇವ್ನು ಹುಟ್ದಾಗ ಇಂಥದ್ದೇ ತಂದಿದ್ರು, ಪುಕ್ಕಟೆ ದುಡ್ ಕಳ್ದಿದ್ರು."

"ನಿನ್ ಕಿವೀಗೆ ಕೂಗಿದ್ರೇ ಕೇಳ್ಸಲ್ಲ, ಬೆಚ್ಚಗಾಗಿದ್ದು ಹೆಂಗ್ ಗೊತ್ತಾಯ್ತೆ" ಎಂದರು ಬುಕ್ಕಾಪಟ್ಟಣದಜ್ಜಿ. ಅವರದು ಬೇರೆ ಪದ್ಧತಿ. ಕುಡಿದು ತುಟಿಗಳನ್ನು ಅಂಟಿಸಿ ಬಿಡಿಸಿ ನೋಡುವುದು. ಟಪ್ ಎಂದು ಶಬ್ದ ಬರಬೇಕು. ಆಟದ ಪುಟಕ್ಕೆ ಶಬ್ದ ಬರಲಿಲ್ಲ. ರಾಶಿಫಲಕ್ಕೆ ಬಂತು. "ಕೇಳ್ತಾ? ಇದು ವೈನು. ನನ್ ಮೂರ್ನೇ ಮಗನ್ ಬಾಣಂತನದಾಗೆ ಬೆಳಗೆದ್ರೂ ತುಟಿ ಅಂಟ್ಕಂಡೇ ಇರೋವು."

"ಅದುಕ್ಕೇ ಆಗ ಮನೇಲಿ ಅಷ್ಟ್ ನೆಮ್ಮದಿ ಇತ್ತು ಅಂತ ನಿನ್ ಗಂಡ ಹೇಳ್ತಿದ್ದ" ಎಂದರು ಮದಲೂರಜ್ಜಿ.

ಖಾತ್ರಿ ಮಾಡಿಕೊಳ್ಳಲು ಇಬ್ಬರೂ ಇನ್ನೊಂದು ಮುಚ್ಚಳ ಕೇಳಿದರು. ಅದು ಮುಗಿದ ಮೇಲೆ, ಮೊದಲಿನದರ ರುಚಿ ಮರೆತುಹೋಗಿದೆ ಎಂದು ಮತ್ತೊಂದು. ನಾಲ್ಕನೆಯದಕ್ಕೆ ಕಾರಣವನ್ನೂ ಹೇಳದೆ ಮುಚ್ಚಳ ಮುಂದೆ ಹಿಡಿದರು. ಸತ್ತು ಮೂವತ್ತು ವರ್ಷವಾದ ತಮ್ಮ ಅತ್ತೆಯನ್ನು ಮದಲೂರಜ್ಜಿ ಎದುರಿಗೆ ಕೂರಿಸಿಕೊಂಡವರ ಹಾಗೆ ಬೈಯಲು ಶುರು ಮಾಡಿದರು. ಬುಕ್ಕಾಪಟ್ಟಣದಜ್ಜಿ ಆ ಅತ್ತೆಯ ಪಾಲಿನ ಉತ್ತರವನ್ನು ತಾವೇ ಕೊಡುತ್ತಿದ್ದರು. ಬಾಟಲಿಗಳಲ್ಲಿ ವೈನು ಇಳಿಯುತ್ತಾ ಹೋಯಿತು, ತೀರ್ಪು ಮಾತ್ರ ಅಲ್ಲೇ ನಿಂತಿತ್ತು. ಒಬ್ಬರು ಅಗ್ಗದ್ದು ಒಳ್ಳೆಯದೆಂದರು, ಇನ್ನೊಬ್ಬರು ದುಬಾರಿಯದು. ಕಿವಿಗೂ ತುಟಿಗೂ ರಾಜಿ ಆಗುವ ಹಾಗಿರಲಿಲ್ಲ. ಒಳಗೆ ಡಬ್ಬದಲ್ಲಿ ಐದು ಕೆಜಿ ಒಣ ಹಣ್ಣು ಒಣಗಿಕೊಂಡೇ ಕೂತಿತ್ತು, ಕ್ರಿಸ್‌ಮಸ್‌ಗೆ ಸರಿಯಾಗಿ ಐದು ವಾರ. ಅವತ್ತು ನಿರ್ಧಾರ ಆಗದಿದ್ದರೆ ನೆನೆಯುವುದಕ್ಕೆ ದಿನವೇ ಉಳಿಯುತ್ತಿರಲಿಲ್ಲ.

ನಾನು ಎರಡು ಲೋಟದಲ್ಲಿ ಸ್ವಲ್ಪ ಸ್ವಲ್ಪ ಹಾಕಿಕೊಂಡು ಅತ್ತೆಯ ಮುಂದೆ ಕೂತೆ. "ಅತ್ತೆ, ಇನ್ನು ನೀವು ಹೇಳಿದ್ದೇ ಕೊನೆ. ನೀವು ಯಾವುದು ಅಂತೀರೋ ಅದನ್ನೇ ಹಾಕ್ತೀನಿ."

"ನಂಗೆ ಹೆಂಗ್ ಗೊತ್ತಾಗ್ಬೇಕು" ಎಂದರು ಅತ್ತೆ. ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ.

ನನಗೆ ರೇಗಿಹೋಯಿತು. ಬೆಳಗಿನಿಂದ ಅಡುಗೆ, ಪೇಪರ್ ಸುತ್ತಿದ್ದು, ಅಜ್ಜಿಯರನ್ನು ಕಾಡಿ ಬೇಡಿ ಕರೆದದ್ದು, ಎಲ್ಲ ಸೇರಿ ಬಾಯಿಗೆ ಬಂದುಬಿಟ್ಟಿತು. "ಒಂದೇ ದಿನಕ್ಕೆ ಒಂದು ಬಾಟ್ಲಿ ಮುಗಿಸಿದವರಿಗೆ ಗೊತ್ತಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತಿರುತ್ತೆ? ನನ್ನ ಓವನ್ನು ಹೋಗ್ಲಿ ಅಂತ ತಾನೆ ನಿಮಗೆ? ಹೋಗ್ಲಿ ಬಿಡಿ, ನಿಮ್ಮ ಹುಣಸೆಹಣ್ಣಿನ ಡಬ್ಬ ಇಡೋಕೆ ಬೇರೆ ಜಾಗ ನೋಡ್ಕೊಳ್ಳಿ."

ಅತ್ತೆ ಸುಲಿಯುವುದನ್ನು ನಿಲ್ಲಿಸಿದರು. ಆ ಕಡೆ ಅಜ್ಜಿಯರ ಬೈಗುಳವೂ ನಿಂತಿತು.

"ನಾನ್ ಕುಡ್ದಿಲ್ಲ ಕಣಮ್ಮ" ಎಂದರು.

"ಏನು ಕುಡಿದಿಲ್ಲ?"

"ಅದ್ನ. ಸುರ್ದ್‌ಬುಟ್ಟೆ, ಹಿತ್ಲಾಗೆ, ತಿಪ್ಪೆ ಮ್ಯಾಲೆ." ಒಂದು ಕಾಳು ನೆಲಕ್ಕೆ ಉರುಳಿತ್ತು, ಅದನ್ನು ಹುಡುಕಿ ಮೊರಕ್ಕೆ ಹಾಕಿದರು. "ದೊಡ್ಡೋಳು ಹುಟ್ದಾಗ ನನ್ ಅತ್ತೆ ಬಾಗ್ಲಾಗೆ ನಿಂತ್ಕಂಡು, ಹೆಣ್ಣಾ, ಅಂದು ಹೊಂಟೋದ್ಲು. ಪಕ್ಕದ್ ಕೋಣೇಲೇ ನನ್ ವಾರಗಿತ್ತಿ ಗಂಡು ಹೆತ್ತು ಮಲ್ಗಿದ್ಲು. ಅವ್ಳಿಗೆ ದಿನಾ ಸಂಜೆ ಒಂದು ಮುಚ್ಚಳ. ಗೋಡೆ ಆಚೆಯಿಂದ ವಾಸ್ನೆ ಬರೋದು. ನಂಗೆ ಬರೀ ಮೆಣಸಿನ್ ಸಾರು. ಎರಡ್ನೇದೂ ಅಂಗೇ, ಮೂರ್ನೇದೂ ಅಂಗೇ. ಹೆಣ್ಣು ಹೆತ್ತೋಳಿಗೆ ಯಾಕ್ ದುಡ್ ಸುರೀಬೇಕು ಅಂತ. ಆಮ್ಯಾಲೆ ಇವ್ನು ಹುಟ್ದ. ಬಂತು, ಇಷ್ಟ್ ದೊಡ್ ಬಾಟ್ಲಿ, ತಲೆ ಹತ್ರ ತಂದ್ ಇಟ್ರು. ನಾಕೂ ನನ್ ಹೊಟ್ಟೇಲೇ ಹುಟ್ಟಿದ್ದು. ನಂಗೆ ಏನೋ ಆಗೋಯ್ತು. ಎದ್ದು ಹೋಗಿ ಸುರ್ದ್‌ಬುಟ್ಟೆ."

"ಮತ್ತೆ ಎಲ್ಲರೂ ಕುಡಿದರು ಅಂತ ಇಷ್ಟು ವರ್ಷ..."

"ಖಾಲಿ ಬಾಟ್ಲಿ ನೋಡಿ ಅವ್ರೇ ಅಂದ್ಕಂಡ್ರು. ಕುಡ್ದ್‌ಬುಟ್ಳು ಅಂದ್ರೆ ನಗ್ತಾರೆ. ಸುರ್ದ್‌ಬುಟ್ಳು ಅಂದ್ರೆ ಬಡೀತಾರೆ. ನಗ್ಲಿ ಅಂತ ಸುಮ್ಕಾದೆ."

ಅಷ್ಟೂ ನಾಮಕರಣಗಳಲ್ಲಿ ನಾನೂ ನಕ್ಕವಳೇ. ಅವತ್ತು ಮಧ್ಯಾಹ್ನ ಇಬ್ಬರು ಅಜ್ಜಿಯರು ನೆನಪು ಮಾಡಿಕೊಂಡ ಬಾಣಂತನಗಳೆಲ್ಲ ಗಂಡುಮಕ್ಕಳದೇ ಎಂಬುದೂ ನನಗೆ ಆಗಲೇ ಹೊಳೆದದ್ದು. ಮದಲೂರಜ್ಜಿಗೆ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ. ಅವರು ಹುಟ್ಟಿದಾಗ ಕಿವಿ ಹೇಗಿತ್ತು ಎಂದು ಆಕೆ ಹೇಳಿರಲಿಲ್ಲ. ಈಗ ಆಕೆ ನೆಲ ನೋಡುತ್ತಾ ಸೆರಗಿನಿಂದ ಬಾಯಿ ಒರೆಸಿಕೊಂಡರು. ನನಗೆ ಅತ್ತೆಯ ಮೇಲೆ ಎಷ್ಟು ಸಿಟ್ಟು ಬಂದಿತ್ತೋ ಅದೆಲ್ಲ ತಿರುಗಿ ನನ್ನ ಮೇಲೇ ಬಂತು. ಓವನ್ನು ಹೋದರೆ ಹೋಗಲಿ, ಇವರನ್ನು ಇನ್ನು ಕೇಳಬಾರದು ಎಂದು ಲೋಟಗಳನ್ನು ಎತ್ತಿಕೊಳ್ಳಲು ಕೈ ಚಾಚಿದೆ.

"ಇರ್ಲಿ ಬುಡು" ಎಂದರು ಅತ್ತೆ. "ಕೊಡಿಲ್ಲಿ."

ಕೈಯನ್ನು ಸೀರೆಗೆ ಒರೆಸಿಕೊಂಡು, ಮೊದಲು ಅಗ್ಗದ್ದನ್ನು ಕುಡಿದರು. ಕಣ್ಣು ಮುಚ್ಚಿದರು. ಆಮೇಲೆ ದುಬಾರಿಯದನ್ನು ಕುಡಿದರು. ಅಜ್ಜಿಯರಿಬ್ಬರೂ ಬಗ್ಗಿ ಅವರ ಮುಖವನ್ನೇ ನೋಡುತ್ತಿದ್ದರು. ಅತ್ತೆ ಖಾಲಿ ಲೋಟದೊಳಗೆ ಇಣುಕಿ ನೋಡಿದರು.

"ಇಷ್ಟೇನಾ?" ಎಂದರು.

ಲೋಟವನ್ನು ಮೊರದ ಪಕ್ಕಕ್ಕೆ ಇಟ್ಟರು.

"ಇದ್ಕಾ ನಾನು ಮೂರ್ ಸಲ ಗೋಡೆ ಕಡೆ ತಿರುಕ್ಕಂಡು ಅತ್ತಿದ್ದು?"

ಬುಕ್ಕಾಪಟ್ಟಣದಜ್ಜಿ ಮೂಗು ಒರೆಸಿಕೊಂಡರು, ಅಳುವೋ ವೈನೋ ಗೊತ್ತಾಗಲಿಲ್ಲ. ಅತ್ತೆಯ ಕಣ್ಣಲ್ಲಿ ಮಾತ್ರ ನೀರಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಮಾಡುವ ಮುಖವನ್ನೇ ಮಾಡಿಕೊಂಡು, ಎರಡೂ ಲೋಟಗಳನ್ನು ಇನ್ನೊಮ್ಮೆ ಮೂಸಿ, ತೀರ್ಪು ಕೊಟ್ಟರು. "ಆ ವಾರಗಿತ್ತಿ ಕೋಣೇಲಿ ಬರ್ತಿದ್ದ ವಾಸ್ನೆ ಎರಡ್ರಾಗೂ ಐತೆ. ಸಸ್ತಾದ್ರಾಗೆ ಒಂದೀಟು ಹಣ್ಣಿನ್ ವಾಸ್ನೆ ಜಾಸ್ತಿ. ಕೇಕಿಗೆ ಅದೇ ಆಯ್ತದೆ. ಇಷ್ಟಕ್ಕೆ ಅಷ್ಟ್ ದುಡ್ ಕೊಡ್ಬ್ಯಾಡ."

"ಯಾವುದು ಸಸ್ತಾ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ನೀನು ಆ ಬಾಟ್ಲೀಲಿ ಧಾರಾಳ್ವಾಗ್ ಬಗ್ಗುಸ್ತಿದ್ದೆ. ಈ ಬಾಟ್ಲೀಲಿ ಕೈ ನಡುಗ್ತಿತ್ತು."

ಎದ್ದು ಹೋಗಿ ಹಣ್ಣಿನ ಡಬ್ಬ ತಂದೆ. ಎಲ್ಲರ ಎದುರಿಗೇ ಆಟದ ಪುಟದ ಬಾಟಲಿಯಲ್ಲಿ ಉಳಿದಿದ್ದಷ್ಟನ್ನೂ ದ್ರಾಕ್ಷಿ, ಖರ್ಜೂರ, ಚೆರ್ರಿಗಳ ಮೇಲೆ ಬಗ್ಗಿಸಿ ಸೌಟಿನಲ್ಲಿ ಕಲಸಿದೆ. ಇನ್ನೂ ಬೇಕಾದದ್ದನ್ನು ನಮ್ಮೆಜಮಾನರು ಶನಿವಾರ ಮತ್ತೆ ಪಾವಗಡದಿಂದ ತಂದರು, ಈ ಸಲ ಹೆಲ್ಮೆಟ್ಟಿನ ಒಳಗೆ ಕರವಸ್ತ್ರವನ್ನೂ ಕಟ್ಟಿಕೊಂಡು. ಕೇಕುಗಳು ಡಿಸೆಂಬರಿನಲ್ಲಿ ಶಿರಾಕ್ಕೆ ಹೋದವು. ವಾರ್ಡನ್ ಡಬ್ಬ ತೆಗೆದು, ಆ ಮೂಗನ್ನು ಹತ್ತಿರ ತಂದು, ಮುಚ್ಚಿ, "ಮುಂದಿನ ವರ್ಷಕ್ಕೆ ಐವತ್ತು" ಎಂದಷ್ಟೇ ಹೇಳಿದರು. ಕೊರಟಗೆರೆಯವನು ಬೇರೆ ಓವನ್ನು ನೋಡಿಕೊಂಡ. ಆದರೆ ಅದೆಲ್ಲ ಆದದ್ದು ಆಮೇಲೆ. ಅವತ್ತು ಮಧ್ಯಾಹ್ನ ಸೌಟು ಹಿಡಿದು ಕೂತಿದ್ದ ನನಗೆ ಗೊತ್ತಿದ್ದದ್ದು, ಅತ್ತೆ ಹೇಳಿದ್ದಾರೆ, ನಾನು ಹಾಕಿದ್ದೇನೆ, ಅಷ್ಟೇ.

ಅಜ್ಜಿಯರು ಗೋಡೆ ಹಿಡಿದುಕೊಂಡು ಎದ್ದು ಮನೆಗೆ ಹೊರಟರು. ನಾನು ದುಬಾರಿ ಬಾಟಲಿಯ ಮುಚ್ಚಳ ಹಾಕಿ ಒಳಗಿಡಲು ಹೋದೆ. ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿ, ಲೋಟವನ್ನು ಮುಂದೆ ಹಿಡಿದರು.

"ಅದ್ನ ಎತ್ತಿಡ್ಬ್ಯಾಡ, ಇಲ್ಲಿ ಬಗ್ಗ್ಸು" ಎಂದರು. "ಈಗ ಕುಡ್ದಿದ್ದು ದೊಡ್ಡೋಳ್ದು. ಇನ್ನೂ ಇಬ್ರು ಅವ್ರೆ."